ಮಾಂಡವಿಯ ಲೆಕ್ಕದಲ್ಲಿ ಬಿಟ್ಟುಹೋದ ಊರುಗಳು

ಪಣಜಿಯಲ್ಲಿ ಕತ್ತಲಾದ ಮೇಲೆ ಮಾಂಡವಿಯ ದಂಡೆಯುದ್ದಕ್ಕೂ ನಡೆದವರಿಗೆ ಅಲ್ಲಿ ಲಂಗರು ಹಾಕಿ ನಿಂತ ಕ್ಯಾಸಿನೊ ಹಡಗುಗಳ ದೀಪಗಳನ್ನು ನಾವು ವರ್ಣಿಸಬೇಕಾಗಿಲ್ಲ. ಆ ಹಡಗುಗಳಿಂದ ಗೋವೆಗೆ ಏನು ಲಾಭವೆಂದು ಕೇಳಿದರೆ ಬರುವ ಉತ್ತರವೂ ಆ ದೀಪಗಳಂತೆಯೇ ಕಣ್ಣು ಕುಕ್ಕುವಂಥದು: ಬೊಕ್ಕಸಕ್ಕೆ ವರ್ಷಕ್ಕೆ ನೂರಾರು ಕೋಟಿ ರೂಪಾಯಿ, ಸಾವಿರಾರು ಜನರಿಗೆ ಉದ್ಯೋಗ, ಹೋಟೆಲು ಮತ್ತು ಟ್ಯಾಕ್ಸಿಗಳಿಗೆ ವ್ಯಾಪಾರ. ಈಗ ಈ ಮಾತು ನದಿಯನ್ನು ದಾಟಿ ಉತ್ತರಕ್ಕೆ, ಪೆರ್ನೆಂ ತಾಲೂಕಿಗೆ ಹೋಗಿದೆ. ಮೋಪಾ ವಿಮಾನ ನಿಲ್ದಾಣ 2022ರ ಡಿಸೆಂಬರಿನಲ್ಲಿ ಉದ್ಘಾಟನೆಯಾದ ಮೇಲೆ ಆ ಭಾಗದ ನೆಲಕ್ಕೆ ಹೊಸ ಬೆಲೆ ಬಂದಿದೆ. ಧಾರ್ಗಳದಲ್ಲಿ ಕ್ಯಾಸಿನೊ ಸಮೇತವಾದ ಬೃಹತ್ ರೆಸಾರ್ಟಿನ ಪ್ರಸ್ತಾಪವಿದ್ದು, ತಿಲ್ಲಾರಿ ಕಾಲುವೆಯ ನೀರಿಗೆಂದು ಗುರುತಾದ ಜಮೀನನ್ನು ಜೂಜಿಗೆ ಕೊಡುವುದೇ ಎಂದು ಅಲ್ಲಿಯ ಜನ ಕೇಳುತ್ತಿದ್ದಾರೆ. ಅವರಿಗೂ ಸಿಗುವ ಉತ್ತರ ಅದೇ ಅಂಕಿಗಳದು.

ಈ ಅಂಕಿಗಳ ವಿರುದ್ಧ ಬರೆಯಲು ನಾವು ಕುಳಿತಿದ್ದೇವೆ. ಜೂಜು ಪಾಪವೋ ಅಲ್ಲವೋ ಎಂಬ ಪ್ರವಚನ ನಮ್ಮ ಕೆಲಸವಲ್ಲ. ಅದನ್ನು ನಮಗಿಂತ ಚೆನ್ನಾಗಿ ಹೇಳಬಲ್ಲವರಿದ್ದಾರೆ. ನಮ್ಮ ತಕರಾರು ಲೆಕ್ಕದ ಮೇಲೆ. ಆ ಲೆಕ್ಕ ಅರ್ಧದ್ದು, ಮತ್ತು ಬಿಟ್ಟುಹೋದ ಅರ್ಧದಲ್ಲಿ ನಮ್ಮ ಊರುಗಳಿವೆ.

ಹಿನ್ನೆಲೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇವೆ. 1976ರ ಗೋವಾ, ದಮನ್ ಮತ್ತು ದೀವ್ ಸಾರ್ವಜನಿಕ ಜೂಜು ಕಾಯ್ದೆ ಹೆಸರೇ ಹೇಳುವಂತೆ ಜೂಜನ್ನು ತಡೆಯುವುದಕ್ಕಾಗಿ ಹುಟ್ಟಿದ್ದು. 1992ರ ತಿದ್ದುಪಡಿ ಪಂಚತಾರಾ ಹೋಟೆಲುಗಳಲ್ಲಿ ಯಂತ್ರಗಳ ಆಟಕ್ಕೆ ಬಾಗಿಲು ತೆರೆಯಿತು. 1996ರ ತಿದ್ದುಪಡಿ ನೀರಿನ ಮೇಲಿನ ಹಡಗುಗಳಲ್ಲಿ ಮೇಜಿನ ಆಟಗಳಿಗೆ ಅವಕಾಶವಿತ್ತಿತು. ಹಡಗುಗಳನ್ನು ಮಾಂಡವಿಯಿಂದ ಬೇರೆಡೆಗೆ ಸಾಗಿಸುತ್ತೇವೆಂಬ ಭರವಸೆ ಒಂದಲ್ಲ ಹಲವು ಸರಕಾರಗಳ ಬಾಯಲ್ಲಿ ಬಂದಿದೆ. ಗಡುವು ಮುಗಿದಾಗಲೆಲ್ಲ ಸಂಪುಟ ಅದನ್ನು ವಿಸ್ತರಿಸಿದೆ. ತಾತ್ಕಾಲಿಕವೆಂಬ ಪದಕ್ಕೆ ಇಷ್ಟು ದೀರ್ಘಾಯುಷ್ಯವನ್ನು ನಾವು ಬೇರೆಲ್ಲೂ ಕಂಡಿಲ್ಲ.

ಇನ್ನು ಲಾಭದ ಅಂದಾಜು ತಯಾರಾಗುವ ಬಗೆ. ಪ್ರವಾಸಿ ಹಡಗಿನಲ್ಲಿ ಮತ್ತು ಹೋಟೆಲಿನಲ್ಲಿ ಖರ್ಚು ಮಾಡುವುದು ನೇರ ಪರಿಣಾಮ. ಆ ಹೋಟೆಲು ಮೀನು, ತರಕಾರಿ, ಬಟ್ಟೆ ಒಗೆಯುವ ಸೇವೆ ಇತ್ಯಾದಿಗಳನ್ನು ಕೊಳ್ಳುವುದು ಪರೋಕ್ಷ ಪರಿಣಾಮ. ಅಲ್ಲಿ ದುಡಿದವರು ಸಂಬಳವನ್ನು ಅಂಗಡಿಯಲ್ಲಿ ಖರ್ಚು ಮಾಡುವುದು ಪ್ರೇರಿತ ಪರಿಣಾಮ. ಈ ಮೂರನ್ನೂ ಕೂಡಿಸಿ, ಮೊದಲ ರೂಪಾಯಿ ಒಟ್ಟು ಎಷ್ಟು ರೂಪಾಯಿಯ ವಹಿವಾಟನ್ನು ಹುಟ್ಟಿಸಿತೆಂದು ಹೇಳುವ ಸಂಖ್ಯೆಗೆ ಗುಣಕವೆನ್ನುತ್ತಾರೆ. ಈ ವಿಧಾನದಲ್ಲಿ ತಪ್ಪಿಲ್ಲ. ಸಕ್ಕರೆ ಕಾರ್ಖಾನೆಗೂ ವಿಶ್ವವಿದ್ಯಾಲಯಕ್ಕೂ ಇದನ್ನೇ ಅನ್ವಯಿಸುತ್ತಾರೆ. ತಪ್ಪಿರುವುದು ಎರಡು ಕಡೆ. ಕ್ಯಾಸಿನೊ ಇಲ್ಲದಿದ್ದರೂ ಗೋವೆಗೆ ಬರುತ್ತಿದ್ದ, ಕಡಲ ತೀರದಲ್ಲೋ ಊಟದ ಮನೆಯಲ್ಲೋ ಅದೇ ಹಣವನ್ನು ಬಿಡುತ್ತಿದ್ದ ಪ್ರವಾಸಿಯನ್ನು ಈ ಲೆಕ್ಕದಿಂದ ಕಳೆಯಬೇಕು, ಸಾಮಾನ್ಯವಾಗಿ ಕಳೆಯುವುದಿಲ್ಲ. ಹಡಗಿನ ಲಾಭಾಂಶ ಮುಂಬಯಿಯ ಷೇರುದಾರನಿಗೆ ಹೋದರೆ ಅದು ಗೋವೆಯಲ್ಲಿ ಎರಡನೆಯ ಸುತ್ತು ತಿರುಗುವುದಿಲ್ಲ, ಅದನ್ನೂ ಕಳೆಯಬೇಕು. ಒಟ್ಟು ವಹಿವಾಟನ್ನು ನಿವ್ವಳ ಲಾಭವೆಂದು ತೋರಿಸುವ ವ್ಯಾಪಾರಿಯನ್ನು ನಮ್ಮ ಸಂಘದ ಲೆಕ್ಕ ಪರಿಶೋಧಕರು ಒಂದು ಕ್ಷಣವೂ ಸಹಿಸಲಾರರು.

ಆದರೆ ನಮ್ಮ ಮುಖ್ಯ ಆಕ್ಷೇಪ ಇದಕ್ಕಿಂತ ಆಳದ್ದು. ಪ್ರತಿಯೊಂದು ಪ್ರಾದೇಶಿಕ ಅಂದಾಜಿಗೂ ಒಂದು ಗಡಿರೇಖೆ ಇರುತ್ತದೆ. ರೇಖೆಯ ಹೊರಗಿನಿಂದ ಒಳಗೆ ಬಂದ ಹಣ ಲಾಭ; ರೇಖೆಯ ಹೊರಗೆ ಆದ ನಷ್ಟ ಲೆಕ್ಕಕ್ಕೇ ಇಲ್ಲ. ಗೋವೆಯ ಕ್ಯಾಸಿನೊಗಳಲ್ಲಿ ಆಡುವವರಲ್ಲಿ ಬಹುಪಾಲು ಭಾರತೀಯರೇ. ಶುಕ್ರವಾರ ರಾತ್ರಿ ಚೋರ್ಲಾ ಘಾಟಿನಲ್ಲಿ ಇಳಿದುಬರುವ ಕಾರುಗಳ ಸಂಖ್ಯಾಫಲಕಗಳನ್ನು ಓದಿದರೆ ಕೆಎ 22 ಬೆಳಗಾವಿ, ಕೆಎ 25 ಧಾರವಾಡ, ಕೆಎ 63 ಹುಬ್ಬಳ್ಳಿ ಎಂದು ನಮ್ಮವರ ಊರುಗಳನ್ನೇ ಎಣಿಸುತ್ತ ಹೋಗಬಹುದು. ಅವರೆಲ್ಲರೂ ಆಡಲು ಬರುವವರಲ್ಲ ನಿಜ. ಆಡಲು ಬಂದವರಲ್ಲಿ ಒಬ್ಬನನ್ನು ಊಹಿಸಿಕೊಳ್ಳೋಣ. ಹುಬ್ಬಳ್ಳಿಯ ದುರ್ಗದಬೈಲಿನ ಒಬ್ಬ ಬಟ್ಟೆ ವ್ಯಾಪಾರಿ ಮಾಂಡವಿಯ ಮೇಲೆ ಒಂದು ಲಕ್ಷ ರೂಪಾಯಿ ಸೋಲುತ್ತಾನೆ. ಗೋವೆಯ ಅಂದಾಜಿನಲ್ಲಿ ಅದು ಒಂದು ಲಕ್ಷದ ಹೊಸ ಆದಾಯ. ಗುಣಕದಿಂದ ಗುಣಿಸಿದರೆ ಇನ್ನೂ ಹೆಚ್ಚು. ಹುಬ್ಬಳ್ಳಿಯಲ್ಲಿ ಅದೇ ಒಂದು ಲಕ್ಷ ಸಗಟು ವ್ಯಾಪಾರಿಗೆ ಕೊಡಬೇಕಾದ ಬಾಕಿ, ಅಂಗಡಿಯ ಹುಡುಗನ ಹಬ್ಬದ ಬೋನಸ್ಸು, ಮಗಳ ಕಾಲೇಜಿನ ಶುಲ್ಕ. ಅಲ್ಲಿಯೂ ಒಂದು ಗುಣಕವಿದೆ, ಅದು ಹಿಂದುಮುಂದಾಗಿ ತಿರುಗುತ್ತದೆ: ಬಾಕಿ ಬರದ ಸಗಟು ವ್ಯಾಪಾರಿ ತಾನೂ ಇನ್ನೊಬ್ಬನಿಗೆ ಬಾಕಿಯಾಗುತ್ತಾನೆ. ಎರಡೂ ಊರುಗಳನ್ನು ಒಂದೇ ರೇಖೆಯೊಳಗೆ ತಂದರೆ ಸಂಪತ್ತು ಹುಟ್ಟಲಿಲ್ಲ, ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋಯಿತು ಅಷ್ಟೇ ಎಂದು ಕಾಣುತ್ತದೆ.

ಗೋವೆಯ ಸರಕಾರ ಗೋವೆಯ ಹಿತವನ್ನಷ್ಟೇ ನೋಡುವುದು ಅದರ ಧರ್ಮ ಎನ್ನಬಹುದು. ಆದರೆ ನಾವು ಆ ರೇಖೆಯ ಎರಡೂ ಕಡೆ ಬದುಕುವವರು. 2011ರ ಜನಗಣತಿಯಂತೆ ಗೋವೆಯ 14.58 ಲಕ್ಷ ಜನರಲ್ಲಿ ಶೇ. 4.65ರಷ್ಟು ಜನರ ಮಾತೃಭಾಷೆ ಕನ್ನಡ. ವಾಸ್ಕೊ, ಝುವಾರಿನಗರ, ಮಡಗಾಂವ, ಫೋಂಡಾ, ಮಾಪುಸಾಗಳಲ್ಲಿ ನಮ್ಮ ಮನೆಗಳಿವೆ. ಬಾಗಲಕೋಟೆ, ವಿಜಯಪುರ, ಗದಗ, ಹಾವೇರಿಗಳಲ್ಲಿ ನಮ್ಮ ತಾಯ್ತಂದೆಯರಿದ್ದಾರೆ. ಇಲ್ಲಿಯ ಲಾಭದಲ್ಲಿ ನಮಗೆ ಕೂಲಿಯ ಪಾಲು, ಅಲ್ಲಿಯ ನಷ್ಟದಲ್ಲಿ ನಮಗೆ ಸಾಲದ ಪಾಲು. ಅರ್ಧ ಲೆಕ್ಕವನ್ನು ಪೂರ್ತಿಯೆಂದು ಒಪ್ಪಿಕೊಳ್ಳುವ ಸೌಕರ್ಯ ಯಾರಿಗಿದ್ದರೂ ನಮಗಿಲ್ಲ. ಸೋತು ಕೈ ಬರಿದಾಗಿ, ಊರಿಗೆ ಮರಳುವ ಬಸ್ಸಿನ ದುಡ್ಡಿಗಾಗಿ ಪರಿಚಯದವರ ಬಾಗಿಲು ತಟ್ಟಿದ ತರುಣರು ನಮ್ಮಲ್ಲಿ ಹಲವರ ಮನೆಗೆ ಬಂದಿದ್ದಾರೆ. ದುಡ್ಡು ಕೊಟ್ಟು ಕಳಿಸಿದ್ದೇವೆ. ಊರಿನಲ್ಲಿ ಯಾರಿಗೂ ಹೇಳಬೇಡಿರೆಂಬ ಮಾತನ್ನೂ ಉಳಿಸಿಕೊಂಡಿದ್ದೇವೆ. ಆ ಬಸ್ಸಿನ ದುಡ್ಡು ಯಾವ ವರದಿಯ ಯಾವ ಅಂಕಣದಲ್ಲಿ ಬರುತ್ತದೆ?

ಜೂಜಿನಿಂದ ಹಾನಿಯಿದೆ ಎಂಬುದಕ್ಕೆ ನಾವು ಸಾಕ್ಷ್ಯ ಒದಗಿಸಬೇಕಾಗಿಯೂ ಇಲ್ಲ. 2020ರ ಫೆಬ್ರವರಿ 1ರಿಂದ ಗೋವೆಯ ನಿವಾಸಿಗಳು ಕ್ಯಾಸಿನೊಗಳಲ್ಲಿ ಆಡುವುದನ್ನು ಸರಕಾರವೇ ನಿಷೇಧಿಸಿದೆ. ತನ್ನ ಮಕ್ಕಳಿಗೆ ವಿಷವೆಂದು ಬಗೆದು ದೂರವಿಟ್ಟ ಪದಾರ್ಥ ನೆರೆಮನೆಯ ಮಕ್ಕಳಿಗೆ ಪಾಯಸವಾಗುವ ರಸಾಯನ ನಮಗೆ ತಿಳಿಯದು. ಈ ನೀತಿ ಗೋವೆಯೊಂದರದಲ್ಲ ಎನ್ನುವುದನ್ನೂ ಒಪ್ಪುತ್ತೇವೆ. ನೇಪಾಳ ತನ್ನ ಪ್ರಜೆಗಳನ್ನು ಕ್ಯಾಸಿನೊಗಳಿಂದ ಹೊರಗಿಟ್ಟಿದೆ. ಸಿಂಗಪುರ 2010ರಲ್ಲಿ ಎರಡು ಕ್ಯಾಸಿನೊಗಳನ್ನು ತೆರೆದಾಗ ತನ್ನ ನಾಗರಿಕರ ಮೇಲೆ ದಿನಕ್ಕೆ 100 ಡಾಲರು ಪ್ರವೇಶ ಶುಲ್ಕ ಹಾಕಿತು, 2019ರಲ್ಲಿ ಅದನ್ನು 150ಕ್ಕೆ ಏರಿಸಿತು. ಆದರೆ ಅವು ದೇಶಗಳು. ಹೊರಗಿನವನೆಂದರೆ ಅಲ್ಲಿ ಪರದೇಶದವನು. ಒಂದೇ ಸಂವಿಧಾನದ ಕೆಳಗಿರುವ ಎರಡು ರಾಜ್ಯಗಳ ನಡುವೆ, ನೂರು ಚಿಲ್ಲರೆ ಕಿಲೋಮೀಟರು ದೂರದ ಬೆಳಗಾವಿಯವನನ್ನು ಅದೇ ಅಳತೆಗೋಲಿನಿಂದ ಅಳೆಯುವುದು ಹೇಗೆ ನ್ಯಾಯವಾಗುತ್ತದೆ?

ಹಾನಿಯನ್ನು ಅಳೆಯಲಾಗುವುದಿಲ್ಲ, ಆದ್ದರಿಂದ ಬಿಟ್ಟುಬಿಡುತ್ತೇವೆ ಎಂಬ ವಾದವನ್ನೂ ಕೇಳಿದ್ದೇವೆ. ಆಸ್ಟ್ರೇಲಿಯದ ಉತ್ಪಾದಕತಾ ಆಯೋಗ 1999ರಲ್ಲಿಯೇ ಅಳೆಯಿತು. ವಯಸ್ಕರಲ್ಲಿ ಶೇ. 2ರಷ್ಟು ಜನ ಜೂಜಿನ ವ್ಯಸನಕ್ಕೆ ಸಿಕ್ಕವರು, ಮತ್ತು ದೇಶದ ಒಟ್ಟು ಜೂಜಿನ ನಷ್ಟದಲ್ಲಿ ಸುಮಾರು ಮೂರನೆಯ ಒಂದು ಭಾಗ ಅವರೊಬ್ಬರದೇ ಎಂದು ಅದು ಕಂಡುಕೊಂಡಿತು. ಉದ್ಯಮದ ಆದಾಯದ ದೊಡ್ಡ ಪಾಲು ವಿನೋದಕ್ಕೆ ಬಂದವನಿಂದಲ್ಲ, ನಿಲ್ಲಿಸಲಾಗದವನಿಂದ ಬರುತ್ತದೆಂಬುದು ಇದರರ್ಥ. ಅಮೆರಿಕದ ಅರ್ಥಶಾಸ್ತ್ರಜ್ಞ ಅರ್ಲ್ ಗ್ರಿನಾಲ್ಸ್ 2004ರ ತಮ್ಮ ಗ್ರಂಥದಲ್ಲಿ ಅಪರಾಧ, ದಿವಾಳಿ, ಕೆಲಸದ ನಷ್ಟ ಮುಂತಾದವುಗಳನ್ನು ಕೂಡಿಸಿ, ಕ್ಯಾಸಿನೊಗಳಿಂದಾಗುವ ವೆಚ್ಚ ಲಾಭದ ಮೂರು ಪಟ್ಟಿಗೂ ಮಿಗಿಲೆಂದು ವಾದಿಸಿದರು. ಅವರ ವಿಧಾನವನ್ನು ಒಪ್ಪದ ಡಗ್ಲಸ್ ವಾಕರ್ ಅವರಂಥವರೂ ಇದ್ದಾರೆ. ಸಾಮಾಜಿಕ ವೆಚ್ಚವೆಂದು ಯಾವುದನ್ನು ಕರೆಯಬೇಕೆಂಬುದರಲ್ಲಿಯೇ ಅವರ ಜಗಳ. ನಾವು ಆ ಮೂರು ಪಟ್ಟಿಗೆ ಜೋತುಬೀಳುವುದಿಲ್ಲ. ಎರಡು ಪಟ್ಟೋ ಅರ್ಧವೋ, ಅಂಕಣವಾದರೂ ಇರಲಿ ಎನ್ನುತ್ತೇವೆ. ಖಾಲಿ ಬಿಟ್ಟ ಅಂಕಣವನ್ನು ಸೊನ್ನೆಯೆಂದು ಓದುವುದು ಎಣಿಕೆಯ ತಪ್ಪು ಮಾತ್ರವಲ್ಲ, ಎಣಿಸಲು ಒಲ್ಲದವರ ಉಪಾಯ.

ಉದ್ಯೋಗದ ಮಾತಿಗೆ ಬಂದಾಗ ನಾವು ಧ್ವನಿ ತಗ್ಗಿಸುತ್ತೇವೆ. ಈ ಸಂಚಿಕೆಯನ್ನು ಓದುವ ಕುಟುಂಬಗಳಲ್ಲಿ ಹಡಗಿನ ಅಡುಗೆಮನೆಯಲ್ಲಿ, ಕಾವಲಿನಲ್ಲಿ, ದೋಣಿಕಟ್ಟೆಯಲ್ಲಿ, ಹೋಟೆಲಿನ ಹಾಸಿಗೆ ಹಾಸುವ ಕೆಲಸದಲ್ಲಿ ದುಡಿಯುವವರಿದ್ದಾರೆ. ಅವರ ಸಂಬಳದಿಂದ ಗಜೇಂದ್ರಗಡದಲ್ಲೋ ಬಾದಾಮಿಯಲ್ಲೋ ಒಂದು ಮನೆಗೆ ಛಾವಣಿ ಬಿದ್ದಿದೆ. ಅವರ ಅನ್ನವನ್ನು ಹಗುರಾಗಿ ಮಾತಾಡುವ ಹಕ್ಕು ಯಾರಿಗೂ ಇಲ್ಲ. ನಮ್ಮ ಭಯ ಬೇರೆ. ಗಣಿಗಾರಿಕೆಯ ಕಾಲದಲ್ಲಿಯೂ ಇದೇ ಬಗೆಯ ಅಂಕಿಗಳಿದ್ದವು; ಗೋವೆಯ ಬೆನ್ನೆಲುಬೇ ಅದಿರು ಎನ್ನುತ್ತಿದ್ದರು. 2012ರಲ್ಲಿ ಗಣಿಗಳು ನಿಂತವು. ಮತ್ತೆ ಆರಂಭವಾಗಿ, 2018ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ 88 ಗುತ್ತಿಗೆಗಳನ್ನು ರದ್ದುಪಡಿಸಿದ ಮೇಲೆ ಮಾರ್ಚಿನಲ್ಲಿ ಮತ್ತೊಮ್ಮೆ ನಿಂತವು. ಲಾರಿಯ ಚಾಲಕ, ಕ್ಲೀನರ್, ಗ್ಯಾರೇಜಿನ ಹುಡುಗ ಮೊದಲ ತಿಂಗಳಲ್ಲೇ ಬೀದಿಗೆ ಬಂದರು, ಅವರಲ್ಲಿ ನಮ್ಮವರಿದ್ದರು. ಅಂದಾಜು ಬರೆದವರಿಗೆ ಏನೂ ಆಗಲಿಲ್ಲ. ಅಮೆರಿಕದ ಅಟ್ಲಾಂಟಿಕ್ ಸಿಟಿ 1978ರಲ್ಲಿ ಮೊದಲ ಕ್ಯಾಸಿನೊ ತೆರೆದಾಗ ಊರು ಪುನರುಜ್ಜೀವನಗೊಳ್ಳುತ್ತದೆಂದು ಜನ ನಂಬಿದ್ದರು. ಪಕ್ಕದ ಪೆನ್ಸಿಲ್ವೇನಿಯದಲ್ಲಿ 2006ರಿಂದ ಕ್ಯಾಸಿನೊಗಳು ಶುರುವಾದವು. 2014ನೆಯ ಒಂದೇ ವರ್ಷದಲ್ಲಿ ಅಟ್ಲಾಂಟಿಕ್ ಸಿಟಿಯ ಹನ್ನೆರಡರಲ್ಲಿ ನಾಲ್ಕು ಮುಚ್ಚಿದವು. ನೆರೆಯವರ ಜೇಬನ್ನೇ ನೆಚ್ಚಿದ ಉದ್ಯಮ ನೆರೆಯವರು ತಾವೇ ಅಂಗಡಿ ತೆರೆದ ದಿನ ಬಾಗುತ್ತದೆ. ಅಂಥ ದಿನ ಇಲ್ಲಿ ಬಂದರೆ ಮೊದಲು ಕೆಲಸ ಕಳೆದುಕೊಳ್ಳುವವರು ಯಾರೆಂದು ನಾವು ಊಹಿಸಬಲ್ಲೆವು.

ತೆರಿಗೆಯ ವಿಷಯವೂ ಹೀಗೆಯೇ. ಚಿಪ್ಪುಗಳ ಪೂರ್ಣ ಮೌಲ್ಯದ ಮೇಲೆ ಶೇ. 28ರ ಜಿಎಸ್‌ಟಿ 2023ರ ಅಕ್ಟೋಬರ್ 1ರಿಂದ ಬಂತು, 2025ರ ಸೆಪ್ಟೆಂಬರ್ 22ರಿಂದ ಅದು ಶೇ. 40 ಆಯಿತು. ಕೆಡುಕನ್ನು ತಗ್ಗಿಸಲು ತೆರಿಗೆ ಏರಿಸಿದ್ದೇವೆನ್ನುವ ಸರಕಾರಗಳೇ ಅದರಿಂದ ಬಂದ ಹಣವನ್ನು ಮುಂದಿನ ವರ್ಷದ ಖರ್ಚಿಗೆ ಬರೆದಿಟ್ಟುಕೊಳ್ಳುತ್ತವೆ. ಆಮೇಲೆ ಆ ಕೆಡುಕು ತಗ್ಗುವುದು ಬೊಕ್ಕಸಕ್ಕೇ ಬೇಡವಾಗುತ್ತದೆ.

ಇಲ್ಲೊಂದು ಮಾತು ವಿಷಯಾಂತರವೆನಿಸಿದರೂ ಹೇಳದೆ ಇರಲಾರೆವು. ಈ ನೆಲದಲ್ಲಿ ರಸ್ತೆ ಹಾಸಿದ, ಕಟ್ಟಡ ಎಬ್ಬಿಸಿದ ನಮ್ಮ ಕೂಲಿಗಳಿಗೆ 'ಘಾಂಟಿ' ಎಂಬ ಹೆಸರು. ಅದೇ ಘಟ್ಟವನ್ನು ಇಳಿದು ಹಣ ಸೋಲಲು ಬಂದವನಿಗೆ 'ಅತಿಥಿ' ಎಂಬ ಹೆಸರು. ಮಾಂಡವಿಯ ಹೆಸರೂ ಎರಡು. ಖಾನಾಪುರ ತಾಲೂಕಿನ ಕಾಡಿನಲ್ಲಿ ಹುಟ್ಟುವಾಗ ಅವಳು ಮಹದಾಯಿ. ಆ ನೀರಿಗಾಗಿ ಎರಡು ರಾಜ್ಯಗಳು ದಶಕಗಳಿಂದ ಕಾದಾಡಿವೆ; 2018ರ ಆಗಸ್ಟಿನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಎಂದು ದಶಾಂಶದವರೆಗೆ ಅಳೆದು ಹಂಚಿತು, ಜಗಳ ಇನ್ನೂ ಮುಗಿದಿಲ್ಲ. ಅದೇ ದಿಕ್ಕಿನಲ್ಲಿ ಹರಿದುಬರುವ ಹಣವನ್ನು ಅಳೆಯಲು ಒಂದು ಮಂಡಳಿಯೂ ಇಲ್ಲ, ಕರ್ನಾಟಕ ಸರಕಾರ ಕೇಳಿದ್ದೂ ಇಲ್ಲ.

ಆಡುವವರು ಹೇಗಿದ್ದರೂ ಆಡುತ್ತಾರೆ, ಇಲ್ಲಿಲ್ಲದಿದ್ದರೆ ಬೇರೆಲ್ಲೋ ಎಂಬುದು ಕೊನೆಯ ವಾದ. ಕರ್ನಾಟಕ 2007ರಲ್ಲಿ ಲಾಟರಿಯನ್ನು ನಿಲ್ಲಿಸಿದಾಗಲೂ ಇದನ್ನೇ ಹೇಳಿದರು. ಮಟ್ಕಾ ಉಳಿಯಿತು, ನಿಜ. ಆದರೆ ಬಸ್ ನಿಲ್ದಾಣದ ಪ್ರತಿ ಮೂಲೆಯಲ್ಲಿ ದಿನಗೂಲಿಯನ್ನು ಹೀರುತ್ತಿದ್ದ ಆ ಅಂಗಡಿಗಳ ಸಾಲು ಕಣ್ಮರೆಯಾದುದನ್ನು ನಮ್ಮ ಹಿರಿಯರು ನೋಡಿದ್ದಾರೆ. ಗದುಗಿನಲ್ಲಿ ಕುಳಿತು ಕುಮಾರವ್ಯಾಸ ಬರೆದ ಭಾರತದ ದ್ಯೂತಪ್ರಸಂಗವನ್ನು ಗಮಕಿಗಳ ಬಾಯಲ್ಲಿ ಕೇಳಿ ಬೆಳೆದವರು ನಾವು. ಅಲ್ಲಿ ಪಣಕ್ಕೆ ಹೋದವಳು ಆಡಿದವಳಲ್ಲ, ಆಡುವಾಗ ಆ ಸಭೆಯಲ್ಲಿ ಇದ್ದವಳೂ ಅಲ್ಲ. ಅವಳು ಕೇಳಿದ ಪ್ರಶ್ನೆ ಕಣ್ಣೀರಿನದಲ್ಲ, ಅಧಿಕಾರದ್ದು: ನನ್ನನ್ನು ಒಡ್ಡುವ ಹಕ್ಕು ಯಾರಿಗಿತ್ತು? ಸಭೆಯ ಹಿರಿಯರು ತಲೆ ತಗ್ಗಿಸಿದರು. ಹುಬ್ಬಳ್ಳಿಯ ಮನೆಯಲ್ಲಿ ಅಡವಿಟ್ಟ ಒಡವೆಯ ಚೀಟಿಯನ್ನು ಹಿಡಿದ ಹೆಂಗಸು ಕೇಳಬಹುದಾದುದೂ ಅದೇ ಪ್ರಶ್ನೆ.

ಆದುದರಿಂದ ಈ ಸಮ್ಮೇಳನದ ಗೊತ್ತುವಳಿಗಳ ಸಭೆಯಲ್ಲಿ, ಭಾಷೆ ಮತ್ತು ಶಾಲೆಗಳ ಕುರಿತಾದ ನಮ್ಮ ಎಂದಿನ ಗೊತ್ತುವಳಿಗಳ ಜೊತೆಗೆ, ಇದೊಂದನ್ನೂ ಮಂಡಿಸಬೇಕೆಂದು ಕೋರುತ್ತೇವೆ. ಪೆರ್ನೆಂನಲ್ಲಾಗಲಿ ಮಾಂಡವಿಯಲ್ಲಾಗಲಿ ಹೊಸ ಕ್ಯಾಸಿನೊಗೆ ಅನುಮತಿ ಕೊಡುವ ಮೊದಲು, ಉದ್ಯಮದವರ ಹಣದಿಂದಲ್ಲದೆ ನಡೆದ ಸ್ವತಂತ್ರ ಅಂದಾಜೊಂದನ್ನು ಗೋವಾ ಸರಕಾರ ಕೊಂಕಣಿ, ಮರಾಠಿ ಮತ್ತು ಕನ್ನಡಗಳಲ್ಲಿ ಪ್ರಕಟಿಸಬೇಕು. ಆಟಗಾರರು ಬಂದ ಜಿಲ್ಲೆಗಳ ಪಟ್ಟಿ ಅದರಲ್ಲಿರಬೇಕು; ಅವರ ಗುರುತಿನ ಚೀಟಿಗಳನ್ನು ಬಾಗಿಲಲ್ಲೇ ನೋಡುವುದರಿಂದ ಈ ಮಾಹಿತಿ ಸಿಗದೆಂದು ಯಾರೂ ಹೇಳುವಂತಿಲ್ಲ. ಉದ್ಯೋಗ ನಿಂತರೆ ಕೆಲಸಗಾರನಿಗೆ ಸಿಗುವ ಪರಿಹಾರ ಎಷ್ಟು, ಗುತ್ತಿಗೆಯವನಿಗೂ ಅದು ಸಲ್ಲುವುದೇ ಎಂಬುದು ಬರಹದಲ್ಲಿರಬೇಕು. ಅದೇ ಗೊತ್ತುವಳಿಯ ಒಂದು ಪ್ರತಿ ಬೆಂಗಳೂರಿಗೂ ಹೋಗಲಿ. ಕರಡು ಸಿದ್ಧವಾಗಿದೆ, ಅನುಮೋದಿಸುವವರು ಎರಡನೆಯ ದಿನದ ಮಧ್ಯಾಹ್ನದ ಗೋಷ್ಠಿಗೆ ಮೊದಲು ಸಹಿ ಹಾಕಬಹುದು.