ಅಜ್ಜನ ಅಜ್ಜಿ ಯಾರಾದರೇನು?

ಕತೆ ಉದ್ದವಾದಷ್ಟೂ ಅದರಲ್ಲಿ ಹಿಂದೊಂದು ಮುಂದೊಂದು ಮಾತು ನುಸುಳುವುದು ಸಹಜ. ಇಪ್ಪತ್ತೈದು ವರ್ಷ ಬಿಡದೆ ಕತೆ ಹೇಳಿದವರು ಮೊದಲ ವರ್ಷ ಹೇಳಿದ್ದನ್ನು ಹತ್ತನೆಯ ವರ್ಷ ಮರೆತರೆ ಅವರನ್ನು ಕಟಕಟೆಯಲ್ಲಿ ನಿಲ್ಲಿಸುವವಳು ನಾನಲ್ಲ. ಆದರೆ ಮರೆವು ಬೇರೆ, ಇಂಥವರನ್ನು ಮರೆತರೂ ನಡೆಯುತ್ತದೆ ಎಂಬ ಧೋರಣೆ ಬೇರೆ. ನಮ್ಮ ಮನೆಗಳ ಟಿ.ವಿ.ಯೊಳಗೆ 2005ರಿಂದ ಹಿಂದಿ ಮಾತಾಡಿಕೊಂಡು ಓಡಾಡಿದ ನೀಲಿ ಬೆಕ್ಕು ಡೋರೇಮಾನ್‌ನ ಕತೆಯಲ್ಲಿ ಒಬ್ಬ ಹುಡುಗಿಗೆ ಆಗಿರುವುದು ಈ ಎರಡನೆಯದು. ಅವಳು ಜೈಕೋ. ಗುದ್ದಾಟದ ಹುಡುಗ ಜಿಯಾನ್‌ನ ತಂಗಿ.

ಟಿ.ವಿ. ನೋಡಿದ ಮಕ್ಕಳಿಗೆ ಇದೊಂದು ಕಾರ್ಟೂನು. ಮೂಲದಲ್ಲಿ ಇದು ಜಪಾನಿನವರು ಮಾಂಗಾ ಎಂದು ಕರೆಯುವ ಚಿತ್ರಕತೆ. ಬರೆದವರು ಹಿರೋಶಿ ಫುಜಿಮೋಟೋ. ಫುಜಿಕೋ ಎಫ್. ಫುಜಿಯೋ ಎಂಬ ಹೆಸರಿನಿಂದ ಪ್ರಸಿದ್ಧರಾದವರು, 1996ರಲ್ಲಿ ತೀರಿಕೊಂಡರು. ಕತೆ ಆರಂಭವಾದದ್ದು 1970ರ ಜನವರಿ ಸಂಚಿಕೆಗಳಲ್ಲಿ. ಸಂಚಿಕೆಗಳು ಎಂದು ಬಹುವಚನದಲ್ಲಿ ಹೇಳಿದ್ದು ಕೈತಪ್ಪಿ ಅಲ್ಲ. ಶೋಗಾಕುಕಾನ್ ಎಂಬ ಪ್ರಕಾಶನ ಸಂಸ್ಥೆ ಶಿಶುವಿಹಾರದ ಮಕ್ಕಳಿಂದ ಹಿಡಿದು ನಾಲ್ಕನೆಯ ತರಗತಿಯವರವರೆಗೆ ಬೇರೆ ಬೇರೆ ಪತ್ರಿಕೆ ಹೊರಡಿಸುತ್ತಿತ್ತು. ಅಂಥ ಆರು ಪತ್ರಿಕೆಗಳಲ್ಲಿ ಒಂದೇ ತಿಂಗಳು ಡೋರೇಮಾನ್ ಕಾಣಿಸಿಕೊಂಡ. ಓದುವ ಮಕ್ಕಳ ವಯಸ್ಸಿಗೆ ತಕ್ಕಂತೆ ಒಂದೊಂದರಲ್ಲೂ ಅವನ ಆಗಮನದ ಕತೆ ಒಂದೊಂದು ರೀತಿ. ಒಂದೇ ಪಾಠವನ್ನು ಬೆಳಿಗ್ಗೆ ಐದನೆಯ ತರಗತಿಗೂ ಮಧ್ಯಾಹ್ನ ಎಂಟನೆಯ ತರಗತಿಗೂ ಹೇಳಿರುವ ನನಗೆ ಆ ಮನುಷ್ಯನ ಪಾಡು ಚೆನ್ನಾಗಿ ಅರ್ಥವಾಗುತ್ತದೆ. ಬೆಕ್ಕಿನ ಎತ್ತರವನ್ನು ಅವರು 129.3 ಸೆಂಟಿಮೀಟರ್ ಎಂದು ನಿಗದಿ ಮಾಡಿದ್ದರಂತೆ. ಅದು ಆ ಕಾಲದ ಜಪಾನಿನ ನಾಲ್ಕನೆಯ ತರಗತಿಯ ಮಕ್ಕಳ ಸರಾಸರಿ ಎತ್ತರ. ಮಕ್ಕಳ ಬಗ್ಗೆ ಇಷ್ಟು ಕಾಳಜಿಯಿದ್ದವರನ್ನು ನಿರ್ದಯಿ ಎಂದು ನಾನು ಹೇಳಲಾರೆ.

ಹಾಗಾಗಿ ಬೆಕ್ಕಿನ ಪೂರ್ವಕತೆಯಲ್ಲಿ ಗೊಂದಲವಿದ್ದದ್ದು ಆಶ್ಚರ್ಯವಲ್ಲ. ಅವನು ನೀಲಿಯಾದದ್ದು ಹೇಗೆ? ಮೊದಲು ಹೇಳಿದ್ದು ಹೀಗೆ: ಇಲಿ ಕಿವಿ ಕಡಿದು ಹಾಕಿತು, ಕನ್ನಡಿಯಲ್ಲಿ ತನ್ನ ಬೋಳುತಲೆ ಕಂಡು ಹೌಹಾರಿ ಬಣ್ಣವೇ ನೀಲಿಗಟ್ಟಿತು. 1995ರಲ್ಲಿ ಬೆಕ್ಕಿನ ಹುಟ್ಟನ್ನೇ ವಿಷಯವಾಗಿಟ್ಟುಕೊಂಡು ಒಂದು ಚಲನಚಿತ್ರ ಬಂತು. ಅದರಲ್ಲಿ ಬೇರೆ ಕಾರಣ. ಉಲ್ಲಾಸದ ಮದ್ದೆಂದುಕೊಂಡು ದುಃಖದ ಮದ್ದು ಕುಡಿದು, ಅತ್ತೂ ಅತ್ತೂ ಮೈಮೇಲಿನ ಹಳದಿ ಬಣ್ಣ ಉದುರಿಹೋಯಿತು. ಎರಡರಲ್ಲಿ ಯಾವುದು ನಿಜ ಎಂದು ಅಭಿಮಾನಿಗಳು ಈಗಲೂ ಜಗಳವಾಡಬಹುದು. ಆಡಲಿ. ನಾನು ಹೇಳುವುದಿಷ್ಟೆ: ಬೆಕ್ಕಿನ ಬಣ್ಣದ ಗೊಂದಲ ಬಿಡಿಸಲು ಒಂದು ಸಿನಿಮಾ ಬಂತು.

ಇನ್ನು ಜೈಕೋಳ ವಿಚಾರ. ಜಪಾನಿನಲ್ಲಿ ಕೆಲಸದಲ್ಲಿರುವ ನನ್ನ ತಮ್ಮನ ಮಗ ಊರಿಗೆ ಬಂದಾಗ ಈ ಮಾಂಗಾದ ಮೊದಲ ಸಂಪುಟದ ಇಂಗ್ಲಿಷ್ ಅನುವಾದ ತಂದುಕೊಟ್ಟ. "ಅತ್ತೆ, ನಿಮ್ಮ ಶಾಲೆ ಮಕ್ಕಳಿಗೆ ಆಗುತ್ತೆ" ಅಂದ. ಮಕ್ಕಳಿಗೆ ಕೊಡುವ ಮೊದಲು ನಾನು ಓದಿದೆ. ಹೊಸವರ್ಷದ ದಿನ ನೋಬಿತಾನ ಮೇಜಿನ ಡ್ರಾಯರಿನಿಂದ ಡೋರೇಮಾನ್ ಹೊರಬರುತ್ತಾನೆ. ಅವನನ್ನು ಕಳಿಸಿದವನು ಭವಿಷ್ಯದ ಹುಡುಗ ಸೆವಾಶಿ, ನೋಬಿತಾನ ಮೊಮ್ಮಗನ ಮೊಮ್ಮಗ. ಅವನ ಕೈಯಲ್ಲಿ ಮುಂದೆ ಆಗುವುದನ್ನೆಲ್ಲ ತೋರಿಸುವ ಒಂದು ಆಲ್ಬಮ್ಮು. 1988ರಲ್ಲಿ ನೋಬಿತಾನಿಗೆ ಕೆಲಸ ಸಿಗದೆ ತಾನೇ ಕಂಪನಿ ತೆರೆಯುತ್ತಾನೆ. 1993ರಲ್ಲಿ ಅದು ಸುಟ್ಟುಹೋಗುತ್ತದೆ. 1995ರಲ್ಲಿ ದಿವಾಳಿ, ಬಾಗಿಲಲ್ಲಿ ಸಾಲಗಾರರ ದಂಡು. ಆ ಸಾಲ ಸೆವಾಶಿಯ ತಲೆಮಾರಿನವರೆಗೂ ತೀರಿಲ್ಲ. ಇದೇ ಅನಾಹುತಗಳ ಸಾಲಿನಲ್ಲಿ ಇನ್ನೊಂದು ಫೋಟೋ ಇದೆ: ಜೈಕೋಳ ಜೊತೆ ನೋಬಿತಾನ ಮದುವೆ. ಬೆಂಕಿ, ದಿವಾಳಿ, ಜೈಕೋ.

ಓದುಗರು ಒಂದು ನಿಮಿಷ ನಿಲ್ಲಬೇಕು. ಕೆಲಸ ಸಿಗದೆ ಹೋದದ್ದು ಯಾರಿಂದ? ಕಂಪನಿ ಮುಳುಗಿಸಿದ್ದು ಯಾರು? ಜೈಕೋ ಆ ಆಲ್ಬಮ್ಮಿನಲ್ಲಿ ಮಾಡಿದ ತಪ್ಪೇನು? ಅಣ್ಣನ ಹಾಗೆ ದಪ್ಪ ಮೈ, ದಪ್ಪ ಮೂಗು ಇರುವುದು. ದಿವಾಳಿಯೆದ್ದವನ ಮನೆ ನಡೆಸಿದ್ದು, ಅವನ ಮಕ್ಕಳನ್ನು ಹೆತ್ತು ಸಾಕಿದ್ದು. ಆ ಸಾಲಗಾರರಿಗೆ ಬಾಗಿಲು ತೆಗೆದವಳು ಅವಳೇ ಇರಬೇಕು. ಅವಳನ್ನು ತಪ್ಪಿಸುವುದಕ್ಕೇ ಎಂಬಂತೆ ನೂರು ವರ್ಷ ಮುಂದಿನಿಂದ ಒಂದು ಯಂತ್ರದ ಬೆಕ್ಕು ಬರಬೇಕಾಯಿತು!

ನೋಬಿತಾ ದಡ್ಡನೆಂದು ಹೆಸರಾದವನು. ಆದರೂ ಆ ಇಡೀ ಕತೆಯ ಅತ್ಯಂತ ಬುದ್ಧಿವಂತ ಪ್ರಶ್ನೆಯನ್ನು ಕೇಳುವವನು ಅವನೇ. ವಿಧಿ ಬದಲಾದರೆ ನೀನು ಹುಟ್ಟುವುದು ಹೇಗೆ, ಎಂದು. ಅದಕ್ಕೆ ಸೆವಾಶಿ ಕೊಡುವ ಉತ್ತರ ಜಪಾನಿನಲ್ಲಿ ಬಹಳ ಪ್ರಸಿದ್ಧ. ಒಸಾಕಾಕ್ಕೆ ಹೋಗಬೇಕೆಂದರೆ ಬೇರೆ ಬೇರೆ ವಾಹನಗಳಿವೆ, ಬೇರೆ ಬೇರೆ ದಾರಿಗಳಿವೆ. ದಿಕ್ಕು ಸರಿಯಿದ್ದರೆ ಯಾವುದರಲ್ಲಿ ಹೋದರೂ ಒಸಾಕಾ ಸೇರಬಹುದು, ಎನ್ನುತ್ತಾನೆ. ಮುಂದಿನ ಸಂಪುಟಗಳಲ್ಲಿ ನೋಬಿತಾನ ಹೆಂಡತಿ ಶಿಜುಕಾ ಆಗುತ್ತಾಳೆ. ಭವಿಷ್ಯಕ್ಕೆ ಹೋಗಿ ನೋಡಿದರೆ ಮನೆಯಲ್ಲಿ ಅವಳೇ ಇರುತ್ತಾಳೆ, ಮಗನೂ ಇರುತ್ತಾನೆ. ಸೆವಾಶಿ ಮಾತ್ರ ಅದೇ ಸೆವಾಶಿ, ಒಂದು ಕೂದಲೂ ಬದಲಾಗುವುದಿಲ್ಲ.

ಅಂದರೆ ಅಜ್ಜಿ ಎಂದರೆ ಬಸ್ಸು. ಜೈಕೋ ಎಂಬ ಕೆಂಪು ಬಸ್ಸು ಬಿಟ್ಟು ಶಿಜುಕಾ ಎಂಬ ಐಷಾರಾಮಿ ಬಸ್ಸು ಹತ್ತಿದರೂ ಇಳಿಯುವ ಊರು ಒಂದೇ.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಗಣಿತ ನನ್ನ ವಿಷಯವಲ್ಲ, ಆದರೆ ಇದಕ್ಕೆ ಕೈಬೆರಳು ಸಾಕು. ಯಾರಿಗೇ ಆಗಲಿ ತಂದೆತಾಯಿ ಇಬ್ಬರು, ಅವರ ತಂದೆತಾಯಿ ನಾಲ್ವರು, ಅದರ ಮೇಲೆ ಎಂಟು, ಅದರ ಮೇಲೆ ಹದಿನಾರು. ಸೆವಾಶಿಗೆ ನೋಬಿತಾ ಈ ಹದಿನಾರರಲ್ಲಿ ಒಬ್ಬ. ಅವನ ಹೆಂಡತಿಯೂ ಹದಿನಾರರಲ್ಲಿ ಒಬ್ಬಳು. ಇಬ್ಬರ ಪಾಲೂ ಸಮ. ಹೆಂಡತಿ ಬದಲಾದರೂ ಸೆವಾಶಿ ಹುಟ್ಟುತ್ತಾನೆಂದರೆ, ನೋಬಿತಾ ಬದಲಾದರೂ ಹುಟ್ಟಬೇಕು! ಹಾಗಿದ್ದರೆ ಈ ಅಳುಮುಂಜಿಯನ್ನು ಬಿಟ್ಟು ಓದುಬರಹ ಬಲ್ಲ ಇನ್ನೊಬ್ಬ ಹುಡುಗನನ್ನು ಅಜ್ಜನ ಅಜ್ಜನನ್ನಾಗಿ ಆರಿಸಿಕೊಳ್ಳಬಹುದಿತ್ತಲ್ಲ, ಬೆಕ್ಕಿನ ಖರ್ಚೂ ಉಳಿಯುತ್ತಿತ್ತು. ಆ ಯೋಚನೆ ಯಾರಿಗೂ ಬರುವುದಿಲ್ಲ. ಗಂಡಸು ಊರು, ಹೆಂಗಸು ದಾರಿ. ಇದು ಜಪಾನಿನವರದು ಮಾತ್ರ ಎಂದುಕೊಂಡು ನಾವು ಬೀಗಬೇಕಾಗಿಲ್ಲ. ನಮ್ಮ ಎಷ್ಟೋ ಮನೆಗಳ ವಂಶವೃಕ್ಷದಲ್ಲೂ ಗಂಡಸರ ಹೆಸರಿನ ಕೆಳಗೆ ಗಂಡಸರ ಹೆಸರೇ ನೇತಾಡುತ್ತಿರುತ್ತದೆ.

ಆ ಆಲ್ಬಮ್ಮಿನಲ್ಲಿ ನಕ್ಕಿದ್ದ ಮಕ್ಕಳು ಏನಾದರು ಎಂಬ ಪ್ರಶ್ನೆಯನ್ನಂತೂ ಕತೆ ಎತ್ತುವುದೇ ಇಲ್ಲ.

ಸ್ಟಾಫ್ ರೂಮಿನಲ್ಲಿ ಈ ಮಾತೆತ್ತಿದಾಗ ಒಬ್ಬ ಕಿರಿಯ ಸಹೋದ್ಯೋಗಿ, "ಮೇಡಂ, ಮಕ್ಕಳ ಕತೆಗೆ ಇಷ್ಟೆಲ್ಲ ತರ್ಕ ಯಾಕೆ? ನಮ್ಮ ಪುರಾಣದಲ್ಲಿ ಇಲ್ಲವೇ ಒಬ್ಬೊಬ್ಬರ ಹುಟ್ಟಿಗೂ ಮೂರು ಮೂರು ಕತೆ?" ಎಂದರು. ಇವೆ. ಸೀತೆಯ ಹುಟ್ಟಿಗೆ ನಮ್ಮಲ್ಲೇ ಎಷ್ಟು ಕತೆಗಳಿಲ್ಲ! ಆದರೆ ಆ ಕತೆಗಳಲ್ಲಿ ಸೀತೆ ಯಾರ ಮಗಳು ಎಂಬುದು ದೊಡ್ಡ ಪ್ರಶ್ನೆ. ಆ ಪ್ರಶ್ನೆಗಾಗಿಯೇ ಜನ ಹೊಸ ಹೊಸ ಕತೆ ಕಟ್ಟಿದರು. ಇಲ್ಲಿ ಯಾರಾದರೇನು ಎಂಬುದೇ ಉತ್ತರ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಮಕ್ಕಳ ಕತೆಗೆ ತರ್ಕ ಬೇಡ ಎನ್ನುವವರು ಮಕ್ಕಳ ಜೊತೆ ದಿನಕ್ಕೆ ಆರು ಗಂಟೆ ಕಳೆದವರಲ್ಲ ಎಂದು ನನ್ನ ಗುಮಾನಿ. ಆ ಸಹೋದ್ಯೋಗಿ ಕಳೆಯುತ್ತಾರೆ, ಹಾಗಾಗಿ ಅವರ ಮೇಲೆ ಇನ್ನಷ್ಟು ಸಿಟ್ಟು.

ಕೆಲವು ವರ್ಷಗಳ ಹಿಂದೆ ಏಳನೆಯ ತರಗತಿಯಲ್ಲಿ ಒಬ್ಬ ಹುಡುಗಿಗೆ ಜೈಕೋ ಎಂದು ಹೆಸರಿಟ್ಟಿದ್ದರು. ಸ್ವಲ್ಪ ದಪ್ಪಗಿದ್ದಳು, ಅಷ್ಟೆ. ಬೈಗುಳವಲ್ಲವಾದ್ದರಿಂದ ನಾವು ಶಿಕ್ಷಕರು ಯಾರೂ ಗದರುವಂತಿರಲಿಲ್ಲ. ಕಾರ್ಟೂನಿನ ಹೆಸರಲ್ಲವೇ! ಒಂದು ದಿನ ಕಾಪಿ ತಿದ್ದಿಸಿಕೊಳ್ಳಲು ಬಂದವಳು ತಾನಾಗಿಯೇ ಹೇಳಿದಳು: "ಮಿಸ್, ಅವಳನ್ನ ಮದುವೆ ಆಗ್ಬೇಕಾಗುತ್ತೆ ಅಂತ ಹೆದರಿಕೊಂಡೇ ನೋಬಿತಾ ಒಳ್ಳೆಯವನಾಗೋಕೆ ನೋಡೋದಂತೆ." ಹನ್ನೆರಡು ವರ್ಷದ ಹುಡುಗಿ. ಇಡೀ ಕತೆಯ ಕೀಲನ್ನು ಅವಳು ಒಂದೇ ವಾಕ್ಯದಲ್ಲಿ ಹಿಡಿದಿದ್ದಳು, ವಿಮರ್ಶೆ ಬರೆದು ಅಲ್ಲ, ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ಅನುಭವಿಸಿ.

ಜೈಕೋ ಎಂಬುದು ಅವಳ ನಿಜವಾದ ಹೆಸರಲ್ಲ. ಅಣ್ಣನ ಅಡ್ಡಹೆಸರಿಗೆ ಜಪಾನಿನ ಹುಡುಗಿಯರ ಹೆಸರಿನ ಕೊನೆಗೆ ಬರುವ 'ಕೋ' ಸೇರಿಸಿ ಮಾಡಿದ್ದು. ಅಣ್ಣನಿಗೆ ತಕೇಶಿ ಗೋದಾ ಎಂಬ ಸ್ವಂತ ಹೆಸರಿದೆ, ತಂಗಿಗೆ ಕೊಡಲಿಲ್ಲ. ಅದೇ ಹೆಸರಿನ ನಿಜವಾದ ಹುಡುಗಿಯರನ್ನು ಶಾಲೆಯಲ್ಲಿ ಛೇಡಿಸಬಹುದೆಂದು ಲೇಖಕರು ಬೇಕೆಂದೇ ಬಿಟ್ಟರೆಂದು ಹೇಳುತ್ತಾರೆ. ನಿಜವಿದ್ದರೆ ಒಳ್ಳೆಯ ಮನಸ್ಸೇ. ಆದರೆ ತಮ್ಮ ಕತೆ ಹುಡುಗಿಯರನ್ನು ಛೇಡಿಸಲು ಒದಗುತ್ತದೆಂದು ಅವರಿಗೆ ಗೊತ್ತಿತ್ತೆಂದೂ ಆಯಿತಲ್ಲ. ಅಡ್ಡಹೆಸರು ಸಮುದ್ರ ದಾಟಿ ನಮ್ಮೂರಿಗೂ ಬರುತ್ತದೆಂದು ಪಾಪ, ಅವರು ಹೇಗೆ ಊಹಿಸಿಯಾರು.

ಫುಜಿಮೋಟೋ ಅವರಿಗೆ ಮುಂದೆ ಜೈಕೋಳ ಮೇಲೆ ಪ್ರೀತಿ ಬಂದದ್ದು ಸ್ಪಷ್ಟವಾಗಿ ಕಾಣುತ್ತದೆ. ಮೊದಮೊದಲು ಅಣ್ಣನ ಹಾಗೆಯೇ ಒರಟಾಗಿದ್ದ ಹುಡುಗಿ ಬರುಬರುತ್ತಾ ಬೇರೆಯೇ ಆಗುತ್ತಾಳೆ. ಕ್ರಿಸ್ಟೀನ್ ಗೋದಾ ಎಂಬ ಕಾವ್ಯನಾಮ ಇಟ್ಟುಕೊಂಡು ಮಾಂಗಾ ಬರೆಯುತ್ತಾಳೆ. ಹೊಗಳಿಕೆಗಿಂತ ತನ್ನ ಕೆಲಸ ನಿಜವಾಗಿ ಚೆನ್ನಾಗಿದೆಯೇ ಎಂಬುದೇ ಅವಳ ಚಿಂತೆ. ನನಗೆ ತುಂಬ ಹಿಡಿಸಿದ ಕತೆಯೊಂದರಲ್ಲಿ ತಂಗಿ ನೋಬಿತಾನ ಹಿಂದೆ ಹಿಂದೆ ಸುಳಿಯುವುದನ್ನು ಕಂಡು ಅಣ್ಣ ಅವಳಿಗೆ ಪ್ರೇಮವೆಂದು ತಿಳಿಯುತ್ತಾನೆ. ನೋಬಿತಾನ ಪ್ರಾಣ ಬಾಯಿಗೆ ಬರುತ್ತದೆ. ಕೊನೆಗೆ ನೋಡಿದರೆ ಅವಳಿಗೆ ಬೇಕಾಗಿದ್ದದ್ದು ತನ್ನ ನಗೆ ಮಾಂಗಾಕ್ಕೆ ಒಂದು ಮಾದರಿ. ಎಂಥ ಪೆದ್ದ ಎಂದು ಅಭ್ಯಾಸ ಮಾಡುತ್ತಿದ್ದಳು! ಓದುತ್ತಾ ಒಬ್ಬಳೇ ಗಟ್ಟಿಯಾಗಿ ನಕ್ಕೆ.

ಈಗ ಹೇಳಿ. ಈ ಜೈಕೋ ದಿವಾಳಿಕೋರನ ಹೆಂಡತಿಯಾಗಿ ಆ ಆಲ್ಬಮ್ಮಿನಲ್ಲಿ ನಿಲ್ಲುವವಳೇ? ಅವಳಿಂದ ನೋಬಿತಾನನ್ನು ಪಾರು ಮಾಡಬೇಕಿತ್ತೋ, ನೋಬಿತಾನಿಂದ ಅವಳನ್ನೋ? ಎರಡೂ ಜೈಕೋ ಒಂದೇ 45 ಸಂಪುಟಗಳ ಮಾಲೆಯಲ್ಲಿದ್ದಾರೆ. ಪತ್ರಿಕೆಗಳಲ್ಲಿ ಬಂದ ನೂರಾರು ಕತೆಗಳಿಂದ ಆರಿಸಿ ಆ ಮಾಲೆಗೆ ಸೇರಿಸಿದವರು ಲೇಖಕರೇ. ಸೇರಿಸುವಾಗ ತಿದ್ದಿದ್ದೂ ಉಂಟು. ಆ ಒಂದು ಪುಟ ಮಾತ್ರ ಹಾಗೇ ಉಳಿಯಿತು. ಈಗಲೂ ಹೊಸದಾಗಿ ಮೊದಲ ಸಂಪುಟ ಕೈಗೆತ್ತಿಕೊಳ್ಳುವ ಮಗುವಿಗೆ ಮೊದಲು ಪರಿಚಯವಾಗುವುದು ಶಿಕ್ಷೆಯಂತಿರುವ ಜೈಕೋ. ಕಲಾವಿದೆ ಜೈಕೋಳನ್ನು ಕಾಣಲು ಇಪ್ಪತ್ತು ಚಿಲ್ಲರೆ ಪುಸ್ತಕ ದಾಟಬೇಕು. ಎಷ್ಟು ಮಕ್ಕಳು ದಾಟುತ್ತಾರೆ?

ಅಭಿಮಾನಿಗಳಲ್ಲಿ ಕೆಲವರು ಒಂದು ಪರಿಹಾರ ಹುಡುಕಿದ್ದಾರೆಂದು ತಮ್ಮನ ಮಗ ಹೇಳಿದ. ನೋಬಿತಾ-ಶಿಜುಕಾರ ಸಂತತಿಯೂ ಜೈಕೋಳ ಸಂತತಿಯೂ ಮುಂದೆಂದೋ ಮದುವೆಯಲ್ಲಿ ಕೂಡಿ ಸೆವಾಶಿ ಹುಟ್ಟಿರಬಹುದಂತೆ. ಆಗ ರಕ್ತದ ಲೆಕ್ಕವೂ ಸರಿಹೋಗುತ್ತದೆ. ನನಗೆ ಈ ಲೆಕ್ಕ ಇಷ್ಟವಾಯಿತು. ಇದರಲ್ಲಿ ಜೈಕೋ ತಾನು ಒಪ್ಪಿದವನನ್ನು ಮದುವೆಯಾಗಿ, ಮಾಂಗಾ ಬರೆದುಕೊಂಡು, ಹದಿನಾರರಲ್ಲಿ ತನ್ನ ಪಾಲನ್ನು ತಾನೇ ಹಿಡಿದು ಕೂತಿರುತ್ತಾಳೆ. ಸೆವಾಶಿಗೆ ಅವಳು ಬೇಕೇ ಬೇಕು. ಆದರೆ ಇದನ್ನು ಬಡಪಾಯಿ ಅಭಿಮಾನಿಗಳು ಕಾಗದ ಪೆನ್ಸಿಲ್ ಹಿಡಿದು ಹುಡುಕಬೇಕಾಗಿತ್ತೇ? ಲೇಖಕರು ಈಗಿಲ್ಲ, ಅವರನ್ನು ಕೇಳುವಂತಿಲ್ಲ. ಅವರ ಹೆಸರಿನಲ್ಲಿ ವರ್ಷ ವರ್ಷವೂ ಹೊಸ ಸಿನಿಮಾ ತೆಗೆದವರನ್ನು ಕೇಳಬಹುದು. ಬೆಕ್ಕಿನ ಬಣ್ಣಕ್ಕೆ 1995ರಲ್ಲೇ ಒಂದು ಚಿತ್ರ ಆಗಿಹೋಗಿದೆ.