ಮಳೆಗೆ ಲೆಕ್ಕವಿದೆ, ಹಸಿಗೆ ಲೆಕ್ಕವೆಲ್ಲಿ?

ಹವಾಮಾನ ಬದಲಾದರೆ ಮುಂಗಾರು ಹೆಚ್ಚುತ್ತದಂತೆ, ಬಯಲುಸೀಮೆಯವರಿಗೆ ಇನ್ನೇನು ಚಿಂತೆ? ಸಭೆಗಳಲ್ಲಿ ಈ ಮಾತು ಕೇಳಿ ಬೇಸತ್ತಿದ್ದೇನೆ. ಈ ಶತಮಾನದಲ್ಲಿ ದಕ್ಷಿಣ ಏಷ್ಯಾದ ಮುಂಗಾರು ಮಳೆ ಹೆಚ್ಚಲಿದೆಯೆಂದು ಐಪಿಸಿಸಿಯ 2021ರ ವರದಿ ಹೇಳಿರುವುದು ನಿಜ. ಮಳೆ ಒಮ್ಮೆಲೇ ಸುರಿಯುವ ದಿನಗಳು ಹೆಚ್ಚುತ್ತವೆ, ಒಂದೊಂದು ಡಿಗ್ರಿ ಕಾದಂತೆ ಗಾಳಿ ಶೇ. 7ರಷ್ಟು ಹೆಚ್ಚು ಆವಿಯನ್ನು ಹಿಡಿಯಬಲ್ಲದು ಎಂಬುದೂ ಅದೇ ವರದಿಯಲ್ಲಿದೆ. ಆ ಪುಟಗಳನ್ನು ಯಾರೂ ಓದಿ ಹೇಳುವುದಿಲ್ಲ. ಬೆಳೆ ಕುಡಿಯುವುದು ಮಳೆಮಾಪಕದೊಳಗಿನ ನೀರನ್ನಲ್ಲ, ಮಣ್ಣಿನಲ್ಲಿ ನಿಂತ ಹಸಿಯನ್ನು.

ನಮ್ಮ ಕೊಂಡಜ್ಜಿ ಗುಡ್ಡದ ಸೆರಗಿನ ಮಸಾರಿ ಹೊಲಗಳನ್ನೇ ತೆಗೆದುಕೊಳ್ಳಿ. ಒಂದು ಅಡಿ ಆಳದ ಗರಸು ಮಣ್ಣು ಬೆಳೆಗೆ ದಕ್ಕುವಂತೆ ಹಿಡಿದಿಡುವುದು ಸುಮಾರು 30 ಮಿ.ಮೀ. ನೀರು. ಸೂಲಂಗಿ ಹೊರಟ ಮೆಕ್ಕೆಜೋಳ ದಿನಕ್ಕೆ 5 ಮಿ.ಮೀ. ಹೀರಿದರೆ ಆರು ದಿನದ ಬಾಳು. ಒಂದೇ ರಾತ್ರಿ 80 ಮಿ.ಮೀ. ಸುರಿದರೂ ಅಷ್ಟೇ, ಮಿಕ್ಕಿದ್ದು ಮೇಲ್ಮಣ್ಣಿನ ಸಮೇತ ಹಳ್ಳಕ್ಕೆ. ಬಿಸಿಲಿನ ಕಾವು ಹೆಚ್ಚಿದಷ್ಟೂ ಆ ಆರು ದಿನಗಳೂ ಕುಗ್ಗುತ್ತವೆ. ಕೆಳಗಿನ ಎರೆ ಹೊಲದವರು ನಿಶ್ಚಿಂತರೆಂದಲ್ಲ: ಬೇಸಿಗೆ ಕಾದಷ್ಟೂ ಬಿತ್ತನೆಯ ಹದ ಬರಲು ಹೆಚ್ಚು ಮಳೆ ಬೇಕು, ಹಿಂಗಾರಿ ಜೋಳ, ಕಡಲೆಗಳು ನಂಬಿರುವುದು ನೆಲದಲ್ಲುಳಿದ ಹಸಿಯನ್ನು ಮಾತ್ರ.

ಇನ್ನು ಸರ್ಕಾರದ ಅಳತೆಗೋಲು. ಕೇಂದ್ರದ 2016ರ ಬರ ಕೈಪಿಡಿಯಂತೆ ಶುಷ್ಕ ಅವಧಿಯೆಂದರೆ ಮೂರು-ನಾಲ್ಕು ವಾರ ಮಳೆ ಕೈಕೊಡಬೇಕು. ಮಣ್ಣಿನ ತೇವಾಂಶಕ್ಕೆ ಅಲ್ಲಿ ಎರಡನೆಯ ಪಂಕ್ತಿ. ಮೊದಲು ಮಳೆಯ ಕೊರತೆ ಸಾಬೀತಾಗಬೇಕು. ಆರನೆಯ ದಿನಕ್ಕೆ ಬಾಡಿದ ಪೈರು ಇಪ್ಪತ್ತೊಂದನೆಯ ದಿನದವರೆಗೆ ಯಾರ ಅಪ್ಪಣೆಗಾಗಿ ಕಾಯಬೇಕು? 2023ರ ಆಗಸ್ಟ್, 1901ರಿಂದೀಚೆಗೆ ದೇಶದ ಅತಿ ಒಣ ಆಗಸ್ಟ್. ಅಂತಹ ವರ್ಷದ ಬರ ಕಾಗದದ ಮೇಲೂ ಕಾಣುತ್ತದೆ. ಒಟ್ಟು ಮಳೆ ವಾಡಿಕೆಯಷ್ಟೇ ಬಿದ್ದು, ನಡುವೆ ಹತ್ತು ದಿನ ತೆರಪು ಕೊಟ್ಟು ತೆನೆ ಜೊಳ್ಳಾಗುವ ವರ್ಷಗಳದ್ದೇ ನನಗೆ ಭಯ.

ಗ್ರಾಮ ಪಂಚಾಯಿತಿಗಳಿಗೆಲ್ಲ ಮಳೆಮಾಪಕ ಕೊಟ್ಟ ರಾಜ್ಯ ಹೋಬಳಿಗೊಂದಾದರೂ ತೇವಾಂಶಮಾಪಕ ಕೊಡಲಾರದೇ? ಮಸಾರಿಗೂ ಎರೆಗೂ ಬೇರೆ ಬೇರೆ ಮಿತಿ ನಿಗದಿಪಡಿಸಿ ಪರಿಹಾರ ನೀಡಲಿ. ಕೊಳವೆಬಾವಿಯ ಅರ್ಜಿ ಹಿಡಿದು ಓಡುವ ನಾವೂ ತಪ್ಪಿತಸ್ಥರೇ. ಬದು ಒಡೆದು, ದಂಟು ಸುಟ್ಟು, ತೊಗರಿ-ಅವರೆಯ ಅಕ್ಕಡಿ ಸಾಲು ಬಿಟ್ಟು ಮೆಕ್ಕೆಜೋಳವೊಂದನ್ನೇ ತುಂಬಿದವರು ನಾವೇ ತಾನೆ? ಮುಂದಿನ ಗ್ರಾಮಸಭೆಯಲ್ಲಿ ಒಂದು ಠರಾವು ಬರೆಸೋಣ: ಕೆರೆಯಿಂದ ತೆಗೆದ ಗೋಡು ಮೊದಲು ಗುಡ್ಡದಂಚಿನ ಮಸಾರಿ ಹೊಲಗಳಿಗೆ, ಉಳಿದರೆ ಮಾತ್ರ ಬೇರೆಯವರಿಗೆ.