ಆಣೆ ಮಾಡಿದರೂ ಬಿಡದ ಚಟ



ಕುಡಿತ ಬಿಡುತ್ತೇನೆಂದು ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಆಣೆ ಮಾಡಿದವನು ಸಂಜೆಗೆ ಮತ್ತೆ ಅಂಗಡಿ ಮುಂದೆ ನಿಂತರೆ, ಊರು ‘ಮನಸ್ಸು ಗಟ್ಟಿಯಿಲ್ಲ’ ಎನ್ನುತ್ತದೆ. ತೊಡಕು ಮಿದುಳಿನಲ್ಲೂ ಇದೆ.

ಮೊದಮೊದಲು ಕುಡಿಸುವುದು ಮದ್ಯ ತರುವ ಸುಖ. ವರ್ಷಗಟ್ಟಲೆ ಕುಡಿದಂತೆ ಹಿಡಿತವು ಮಿದುಳಿನ ಆಳದ ಸ್ಟ್ರಯೇಟಂನಲ್ಲಿ ರೂಢಿಯನ್ನು ನಡೆಸುವ ಭಾಗಕ್ಕೆ ಸರಿಯುತ್ತದೆ; ತಡೆಯಬೇಕಾದ ಮಿದುಳಿನ ಮುಂಭಾಗ ಸೊರಗುತ್ತದೆ. ಆಮೇಲೆ ಸುಖವೂ ಬೇಕಿಲ್ಲ. ಸಂಜೆಯಾಯಿತು, ಕೂಲಿ ಕೈಗೆ ಬಂತು, ಕಾಲು ತಾನಾಗಿ ಅತ್ತ ಹೊರಳುತ್ತದೆ. 2007ರ ಜುಲೈಯಲ್ಲಿ ರಾಜ್ಯದಲ್ಲಿ ಸಾರಾಯಿ ಮಾರಾಟ ನಿಂತಿತು, ಚಟ ನಿಂತಿತೇ?

ಹಟಕ್ಕೆ ಬಿದ್ದು ಒಮ್ಮೆಲೇ ಬಿಡಿಸುವುದೂ ಅಪಾಯ. ದಿನವೂ ವಿಪರೀತ ಕುಡಿಯುವವರಿಗೆ ಕೈನಡುಕ, ಭ್ರಮೆ, ಫಿಟ್ಸ್ ಬಂದು ಜೀವಕ್ಕೇ ಕುತ್ತಾಗಬಹುದು. ಹಾಗಾಗಿ ವೈದ್ಯರ ನೆರವು ಬೇಕು; ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ದೂರವಿಲ್ಲ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಉಚಿತ. ಗುಡ್ಡದ ಭರತ ಹುಣ್ಣಿಮೆ ಜಾತ್ರೆಯ ಫಲಕಗಳಲ್ಲಿ ದೇವಸ್ಥಾನದವರು ಈ ನಂಬರನ್ನು ದೊಡ್ಡಕ್ಷರದಲ್ಲಿ ಬರೆಸಲಿ.

– ಓದುಗ, ಸವದತ್ತಿ